ಗೋಲಿ ಮಿಷನ್ನು ಮತ್ತು ಊರಿನ ಅಳಿಯ

ರಿಪೇರಿ ಅಂಗಡಿ ಇಟ್ಟವನಿಗೆ ಅವಮಾನ ಹೊಸದಲ್ಲ. ಚಾಮರಾಜನಗರದಲ್ಲಿ ನನ್ನದೊಂದು ಟೀವಿ ರಿಪೇರಿ ಅಂಗಡಿ ಇದೆ. ಸರಿಯಾಯಿತೆಂದು ಕೊಟ್ಟ ಮಿಕ್ಸಿ ಗಿರಾಕಿಯ ಮನೆ ಸೇರುವ ಮೊದಲೇ ಕೈಕೊಟ್ಟಿದೆ. ನೋಡಿ ಹೇಗಿದೆ ಅಂತ ಆನ್ ಮಾಡಿ ತೋರಿಸಿದ ಟೀವಿ ಹೊಗೆ ಬಿಟ್ಟಿದೆ. ಇವೆಲ್ಲ ನಮ್ಮೂರಲ್ಲಿ ಆದದ್ದು. ಗಿರಾಕಿ ಬೈದ, ನಾನು ಬೈಸಿಕೊಂಡೆ, ಅಲ್ಲಿಗೆ ಮುಗಿಯಿತು. ಆದರೆ ಹೆಂಡತಿಯ ಊರಲ್ಲಿ ಆಗುವ ಅವಮಾನವೇ ಬೇರೆ. ಅಲ್ಲಿ ಯಾರೂ ಬೈಯುವುದಿಲ್ಲ. ಊಟಕ್ಕೆ ಕರೆಯುತ್ತಾರೆ.

ನನ್ನ ಮಾವನ ಜಮೀನು ಗುಂಡ್ಲುಪೇಟೆಯಿಂದಾಚೆ, ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ದಾರಿಯಲ್ಲಿದೆ. ಅರಿಸಿನ, ಸಣ್ಣ ಈರುಳ್ಳಿ ಬೆಳೆಯುತ್ತಾರೆ. ಬೋರ್‌ವೆಲ್ ಮೋಟರು ಓಡಬೇಕಾದರೆ ತ್ರೀ ಫೇಸ್ ಕರೆಂಟು ಬೇಕು, ಅದು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಕಾದು ಕಾದು ಮಾವನಿಗೆ ಸಾಕಾಗಿತ್ತು. ಹಬ್ಬಕ್ಕೆ ಹೋದವನು ಸುಮ್ಮನೆ ಕೂರಲಾರದೆ ಅವರ ಮೋಟರಿಗೆ ಒಂದು ಆಟೋ ಸ್ಟಾರ್ಟರ್ ಹಾಕಿಕೊಟ್ಟೆ. ಕರೆಂಟು ಬಂದರೆ ಮೋಟರು ತಾನಾಗಿಯೇ ಶುರುವಾಗುತ್ತದೆ, ಯಾರೂ ಹೋಗಿ ಗುಂಡಿ ಒತ್ತಬೇಕಾಗಿಲ್ಲ. ಅಂದಿನಿಂದ ಮಾವ “ನಮ್ಮಳಿಯ” ಎನ್ನದೆ ಮಾತು ಶುರುಮಾಡಿದ್ದೇ ಇಲ್ಲ. ಮುಂದಿನ ಮಾನಹಾನಿಗೆಲ್ಲ ಆ ಹೊಗಳಿಕೆಯೇ ಮೂಲ.

ಮಲಗಿದ ಮಿಷನ್ನು

ಮಾವನ ಬೇಲಿಗೆ ಅಂಟಿಕೊಂಡು ಒಂದು ಹೋಂಸ್ಟೇ ಇದೆ. ಅದರ ಯಜಮಾನರು ವಿಭೂತಿಯಿಲ್ಲದೆ ಹೊರಗೆ ಕಾಣಿಸದ ದೊಡ್ಡ ಮನುಷ್ಯರು, ಮಾವನ ಜೊತೆ ಗೋಲಿ ಆಡಿ ಬೆಳೆದವರು. ಊಟಿಯಲ್ಲಿ ಯಾವುದೋ ಹಳೇ ಬಂಗಲೆಯ ಸಾಮಾನು ಮಾರುತ್ತಿದ್ದಾಗ ಅಲ್ಲಿಂದ ಒಂದು ಪಿನ್‌ಬಾಲ್ ಮಿಷನ್ನು ತಂದುಬಿಟ್ಟರು. ಗಾಜಿನ ಕೆಳಗೆ ಉಕ್ಕಿನ ಗುಂಡು ಓಡುತ್ತದೆ. ಪಕ್ಕದ ಗುಂಡಿ ಒತ್ತಿದರೆ ಒಳಗಿರುವ ಪುಟ್ಟ ಕೈಗಳು ಅದನ್ನು ಮೇಲಕ್ಕೆ ಬಾರಿಸುತ್ತವೆ, ಎದುರಿನ ಡಿಸ್‌ಪ್ಲೇಯಲ್ಲಿ ಅಂಕ ಏರುತ್ತದೆ. ಊರಿನವರು ಅದಕ್ಕೆ ಗೋಲಿ ಮಿಷನ್ನು ಎಂದು ಹೆಸರಿಟ್ಟರು. ಗೋಲಿ ಚೆನ್ನಾಗಿಯೇ ಓಡುತ್ತಿತ್ತು, ಡಿಸ್‌ಪ್ಲೇ ಮಾತ್ರ ಸತ್ತಿತ್ತು.

ರಜೆಗೆ ಕೇರಳದ ಕಡೆಯಿಂದ ಅತಿಥಿಗಳು ಬರುವ ಹೊತ್ತಿಗೆ ಆಟದ ಕೋಣೆ ಶುರುವಾಗಬೇಕೆಂದು ಯಜಮಾನರ ಆಸೆ. “ಮೈಸೂರಿಂದ ಯಾರ್ನಾರ ಕರುಸ್ತೀನಿ” ಅಂದರಂತೆ. ಮಾವ ಅರಳಿಕಟ್ಟೆಯ ಮೇಲೆ, ಊರವರ ಮುಂದೆ, ತೊಡೆ ತಟ್ಟಿದರಂತೆ: “ಮೈಸೂರ್ಯಾಕ್ಲಾ? ನಮ್ಮಳಿಯ ಇಲ್ವಾ? ಅವ್ರ ಕೈಲಿ ಆಗ್ನಿಲ್ಲ ಅಂದ್ರೆ ನಾನು ಇನ್ಮೇಲೆ ಈ ಕಟ್ಟೆ ಮ್ಯಾಲೆ ಕೂರಾಕಿಲ್ಲ ಕಣ್ಲಾ!”

ಆ ಕಟ್ಟೆ ಬಿಟ್ಟರೆ ಮಾವನಿಗೆ ಕೂರಲು ಬೇರೆ ಜಾಗವೇ ಇಲ್ಲ. ಮನೆಯಲ್ಲಿ ಕೂತರೆ ಅತ್ತೆ ಕೆಲಸ ಹೇಳುತ್ತಾರೆ.

ಹೀಗೆ ಮಾವನ ಕಟ್ಟೆಯನ್ನು ಹೆಗಲ ಮೇಲೆ ಹೊತ್ತು ನಾನು ಹೋದೆ. ಪಿನ್‌ಬಾಲ್ ಮಿಷನ್ನನ್ನು ಅದುವರೆಗೆ ಕಣ್ಣಾರೆ ಕಂಡವನಲ್ಲ. ಆದರೆ ಯಜಮಾನರು “ಇಂಥದ್ ಮಾಡಿದ್ದೀರಾ ಅಳಿಯಂದ್ರೇ?” ಎಂದಾಗ ನನ್ನ ಬಾಯಿ ನನ್ನ ಕೇಳದೆಯೇ “ಸುಮಾರು ಮಾಡಿದ್ದೀನಿ” ಅಂದುಬಿಟ್ಟಿತು. ಅದನ್ನು ತೆರೆಯುವುದು ಹೇಗೆಂದು ತಿಳಿಯದೆ ಸುತ್ತ ಪ್ರದಕ್ಷಿಣೆ ಹಾಕಿದೆ. ಕಣ್ಣಿಗೆ ಬಿದ್ದ ದಪ್ಪ ಬೋಲ್ಟನ್ನು ಧೈರ್ಯವಾಗಿ ಬಿಚ್ಚಿದೆ. ಅದು ಕಾಲಿನ ಬೋಲ್ಟು. ಮಿಷನ್ನು ಮುಂಗಾಲು ಮಡಿಸಿ ಹಸುವಿನಂತೆ ನಿಧಾನವಾಗಿ ಮಲಗಿತು.

ಬಾಗಿಲಲ್ಲಿ ಕೂತು ಈರುಳ್ಳಿ ಬಿಡಿಸುತ್ತಿದ್ದವರು ಯಜಮಾನರ ತಾಯಿ. ಊರೆಲ್ಲ ಅವರನ್ನು ಅವ್ವ ಎನ್ನುತ್ತದೆ. ಅವರು ಕುತೂಹಲದಿಂದ ಕೇಳಿದರು: “ಸುಮಾರು ಮಾಡಿವ್ನಿ ಅಂದ್ಯಲ್ಲಪ್ಪ, ಎಲ್ಲಾನೂವೆ ಹಿಂಗೇ ಮನಗ್ಸಿಯೇ ಮಾಡೀಯಾ?”

ಸೌದೆ

ಮಿಷನ್ನನ್ನು ಎಬ್ಬಿಸಿ ನಿಲ್ಲಿಸಿ, ಯಜಮಾನರು ಕೊಟ್ಟ ಕೀಲಿಕೈ ಹಾಕಿ ಡಿಸ್‌ಪ್ಲೇ ಇರುವ ತಲೆಯ ಪೆಟ್ಟಿಗೆ ತೆಗೆದೆ. ಹಳೆಯ ಡಿಸ್‌ಪ್ಲೇ ಅನಿಲ ತುಂಬಿದ ಗಾಜಿನದು. ಅದು ಉರಿಯಲು ನೂರಕ್ಕೂ ಹೆಚ್ಚು ವೋಲ್ಟು ಬೇಕು. ಮಿಷನ್ನಿನ ಮಾಡೆಲ್ ಕೇಳಿಕೊಂಡು ನಾನು ಮೊದಲೇ ತರಿಸಿದ್ದ ಹೊಸದು ಎಲ್‌ಇಡಿ, ಅದಕ್ಕೆ ಐದೇ ವೋಲ್ಟು ಸಾಕು. ಹೆಚ್ಚಿನ ವೋಲ್ಟಿನ ಫ್ಯೂಸನ್ನು ಕಿತ್ತುಹಾಕಿ, ಹೊಸದನ್ನು ಕೂರಿಸಿದರೆ ಮುಗಿಯಿತು.

ಆಟದ ಕೋಣೆಯಲ್ಲಿ ಆಗಲೇ ಅರ್ಧ ಊರು ಸೇರಿತ್ತು. ಜನ ಕಂಡರೆ ನನಗೆ ಪಾಠ ಮಾಡುವ ಚಟ. “ಯಾರೂ ಹೆದರಬೇಡಿ. ಸ್ವಿಚ್ ಆಫ್ ಮಾಡಿದ್ದೀನಿ, ಪ್ಲಗ್ ಕಿತ್ತಿದ್ದೀನಿ. ಈಗ ಇದು ಬರೀ ಮರದ ಪೆಟ್ಟಿಗೆ” ಎಂದು ಒಳಗೆ ಕೈ ಹಾಕಿದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಕೂತಿರುತ್ತದೆ ಎಂಬುದು ಕಸುಬಿನ ಮೊದಲ ಪಾಠ. ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಅದು ಹೊಡೆದ ಹೊಡೆತಕ್ಕೆ ನಾನು ಹಾರಿ ಗೋಡೆಗೆ ಒರಗಿದೆ.

ಕೆಪಾಸಿಟರಿನ ಹೊಡೆತ ಒಂದೇ ಸಲ, ಅಲ್ಲಿಗೆ ಖಾಲಿ. ಆದರೆ ಅದು ಅವ್ವನಿಗೆ ಗೊತ್ತಿಲ್ಲ. ಕರೆಂಟು ಹಿಡಿದವರನ್ನು ಕೈಯಲ್ಲಿ ಮುಟ್ಟಬಾರದು, ಒಣಸೌದೆಯಲ್ಲಿ ಹೊಡೆದು ಬಿಡಿಸಬೇಕು ಎಂದಷ್ಟೇ ಅವರಿಗೆ ಗೊತ್ತು. ಒಲೆಯ ಹತ್ತಿರದಿಂದ ಒಂದು ಸೌದೆ ತಂದವರೇ ನನ್ನ ತೋಳಿನ ಮೇಲೆ ಬಾರಿಸಿದರು.

“ಬುಡ್ತೇನಪ್ಪಾ?” ಅಂದರು.

“ಆಗಲೇ ಬಿಡ್ತು ಅವ್ವಾ!” ಎಂದು ಕೂಗಿದೆ.

“ಇರ್ಲಿ ಬುಡು, ವಸಿ ಉಳ್ಕಂಡಿದ್ರೂ ಓಗ್ಲಿ” ಎಂದು ಇನ್ನೊಂದು ಕೊಟ್ಟರು.

ಅರ್ಥಿಂಗ್ ದೇವರು

ಅಂತೂ ಹೊಸ ಡಿಸ್‌ಪ್ಲೇ ಉರಿಯಿತು. ಕೆಂಪು ಅಂಕಿಗಳು ಝಗ್ಗನೆ ಮೂಡಿದವು, ಜನ ಚಪ್ಪಾಳೆ ತಟ್ಟಿದರು. ತೋಳು ಉಜ್ಜಿಕೊಳ್ಳುತ್ತ ಮಾವನ ತೋಟದ ಮನೆಗೆ ಊಟಕ್ಕೆ ಹೋದೆ. ಉಣ್ಣುತ್ತಿರುವಾಗಲೇ ತ್ರೀ ಫೇಸ್ ಬಂತು, ಮೋಟರು ತಾನಾಗಿ ಗುಂಯ್ ಎಂದಿತು. “ನೋಡಿ, ನೀವು ಹಾಕಿದ್ ಸ್ಟಾರ್ಟರ್ರು” ಎಂದು ಮಾವ ಹಿಗ್ಗಿದರು. ಪೈಪಿನಿಂದ ಧುಮ್ಮಿಕ್ಕುವ ನೀರಿನಲ್ಲೇ ಕೈ ತೊಳೆಯುತ್ತಿದ್ದೆ, ಫೋನು ಬಂತು. ಯಜಮಾನರು: “ಅಳಿಯಂದ್ರೇ, ಬೇಜಾರ್ ಮಾಡ್ಕಬೇಡಿ. ಡಿಸ್‌ಪ್ಲೇ ಓಯ್ತು.”

ಮತ್ತೆ ಬಂದೆ. ಮಿಷನ್ನನ್ನು ಒಮ್ಮೆ ಆರಿಸಿ ಹಾಕಿದರೆ ಸರಿಯಾಗಿ ಉರಿಯುತ್ತಿತ್ತು. ಮೀಟರು ಇಟ್ಟು ನೋಡಿದರೆ ಐದು ವೋಲ್ಟು ಅಚ್ಚುಕಟ್ಟಾಗಿ ಇತ್ತು. ಆದರೂ ಇರಲಿ ಎಂದು ಮುಂದಿನ ಸಲ ಕೆಪಾಸಿಟರು ಬದಲಿಸಿದೆ. ಹೋಯಿತು. ಪವರ್ ಸಪ್ಲೈ ಬೋರ್ಡನ್ನೇ ಬದಲಿಸಿದೆ. ಆಗಲೂ ಡಿಸ್‌ಪ್ಲೇ ಹೋಯಿತು. ನಾನಿರುವಷ್ಟು ಹೊತ್ತು ಉರಿಯುತ್ತದೆ, ಊಟಕ್ಕೆ ಹೋಗಿ ಕೈ ತೊಳೆಯುವಷ್ಟರಲ್ಲಿ ಫೋನು.

ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಆ ಊರಿನ ಒಂದು ಮನೆಯ ಅಳಿಯನಾದರೆ ಊರಿಗೆಲ್ಲ ಅಳಿಯನಾದ ಹಾಗೆ, ಅಳಿಯನ ಮುಖಕ್ಕೆ ಯಾರೂ ಒಂದು ಮಾತು ಅನ್ನುವುದಿಲ್ಲ. ಮೊದಲ ಸಲ ಕೆಟ್ಟಾಗ ಯಜಮಾನರ ಮನೆಯಿಂದ ಪಾಯಸ ಬಂತು. ಆಮೇಲೆ ಒಬ್ಬಟ್ಟು. ಅದಾದ ಮೇಲೆ ಕಜ್ಜಾಯ, ಮೇಲೆ ತುಪ್ಪ. ನಾಚಿಕೆಯಿಂದ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಸಂಕೋಚವೆಂದು ತಿಳಿದು ಅವ್ವ ಇನ್ನೊಂದು ಬಡಿಸುತ್ತಿದ್ದರು.

ಕೊನೆಗೆ ಏನಾದರೂ ಹೇಳಬೇಕಲ್ಲ ಎಂದು “ಅರ್ಥಿಂಗ್ ವೀಕಾಗಿದೆ” ಅಂದೆ. ಗೋಡೆಯ ಪಕ್ಕದಲ್ಲಿ ಅರ್ಥಿಂಗ್ ತಂತಿ ಹೂತಿಟ್ಟ ಗುಂಡಿಗೆ ದಿನವೂ ಉಪ್ಪುನೀರು ಹಾಕಬೇಕೆಂದು ಅಪ್ಪಣೆ ಕೊಡಿಸಿ, ಮೊದಲ ಬಿಂದಿಗೆಯನ್ನು ನಾನೇ ಭಕ್ತಿಯಿಂದ ಸುರಿದು ಊರಿಗೆ ಮರಳಿದೆ.

ಮುಂದಿನ ಸಲ ಹೋದಾಗ ಗುಂಡಿಯ ಸುತ್ತ ರಂಗೋಲಿ ಇತ್ತು. ತಂತಿಗೆ ಅರಿಸಿನ, ಕುಂಕುಮ, ಚೆಂಡು ಹೂವು. ಕೇರಳದಿಂದ ಬಂದಿದ್ದ ಅತಿಥಿಯೊಬ್ಬರು ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಿದ್ದರು. ಏನವ್ವಾ ಇದು ಎಂದರೆ ಅವ್ವ ಅಂದರು: “ನಮಗೇನಪ್ಪ ಗೊತ್ತು? ನಿನ್ ಕೈಲಿ ಆಗ್ದೇ ಇದ್ದದ್ದು ಇನ್ ಯಾರ್ ಮಾಡಾರು ಅಂತ ದ್ಯಾವ್ರಿಗೇ ಬುಟ್ಟೋ.”

ನಮ್ಮಳಿಯ

ಆಟದ ಕೋಣೆ ಶುರುಮಾಡುವ ದಿನ ಬಂದೇ ಬಂತು. ಹಿಂದಿನ ದಿನವೇ ಹೋಗಿ ಒಂದೊಂದು ತಂತಿಯನ್ನೂ ಎಳೆದು ನೋಡಿದ್ದೆ, ಸಡಿಲವಿದ್ದ ಕನೆಕ್ಟರಿಗೆಲ್ಲ ಬೆಸುಗೆ ಹಾಕಿದ್ದೆ. ಇನ್ನು ಮಾಡುವುದು ಏನೂ ಉಳಿದಿರಲಿಲ್ಲ. ಕೋಣೆಯೊಳಗೂ ಹೋಂಸ್ಟೇಯ ಅಂಗಳದಲ್ಲೂ ಅತಿಥಿಗಳು, ಊರವರು, ಕಟ್ಟೆಯ ಮೇಲಿನ ಸಭೆ ಪೂರ್ತಿ ಸೇರಿತ್ತು. ಮಾವ ಇಸ್ತ್ರಿ ಮಾಡಿದ ಬಿಳೀ ಷರಟು ಹಾಕಿಕೊಂಡು ಬಂದಿದ್ದರು. ಈ ಮನುಷ್ಯ ನಾಳೆಯಿಂದ ಎಲ್ಲಿ ಕೂರಬೇಕು?

ಕಾಯಿ ಒಡೆದು, ಮೊದಲ ಆಟ ಮಾವನಿಗೇ ಬಿಟ್ಟರು. ಆಹಾ, ಏನು ಆಡಿದರು! ಚಿಕ್ಕಂದಿನಲ್ಲಿ ಗೋಲಿ ಆಡಿದ ಕೈಯಲ್ಲವೇ. ಗುಂಡು ಕೆಳಗೇ ಬೀಳುತ್ತಿಲ್ಲ, ಅಂಕ ಏರುತ್ತಲೇ ಇದೆ. ಜನ ಕೂಗು ಹಾಕುತ್ತಿದ್ದಾರೆ. ಡಿಸ್‌ಪ್ಲೇ ಕಣ್ಣು ಕೂಡ ಮಿಟುಕಿಸಲಿಲ್ಲ. ನಾನು ಎಷ್ಟೋ ದಿನಗಳ ಮೇಲೆ ನೆಟ್ಟಗೆ ನಿಂತೆ.

ಅಷ್ಟರಲ್ಲಿ ಬೇಲಿಯಾಚೆ ಗುಂಯ್ ಎಂದು ಸದ್ದಾಯಿತು. ತಕ್ಷಣ ಡಿಸ್‌ಪ್ಲೇ ಕಪ್ಪಾಯಿತು.

ಮಾವನ ಮೋಟರು ಮಾತ್ರ ಓಡುತ್ತಲೇ ಇತ್ತು. ನನಗೆ ಆಗ ಹೊಳೆಯಿತು. ಮಾವನ ಬೋರ್‌ವೆಲ್ಲಿಗೂ ಹೋಂಸ್ಟೇಗೂ ಕರೆಂಟು ಬರುವುದು ಒಂದೇ ಟ್ರಾನ್ಸ್‌ಫಾರ್ಮರಿನಿಂದ. ಮೋಟರು ಶುರುವಾಗುವಾಗ ಅಷ್ಟೂ ಕರೆಂಟನ್ನು ಎಳೆದುಕೊಳ್ಳುತ್ತದೆ, ಇಲ್ಲಿ ವೋಲ್ಟೇಜು ಕುಸಿಯುತ್ತದೆ, ಹೊಸ ಡಿಸ್‌ಪ್ಲೇ ಮೂರ್ಛೆ ಹೋಗುತ್ತದೆ. ನಾನು ಮೀಟರು ಇಟ್ಟ ಹೊತ್ತಿನಲ್ಲಿ ಮೋಟರು ಶುರುವಾದದ್ದೇ ಇಲ್ಲ. ಶುರುವಾದಾಗಲೆಲ್ಲ ನಾನು ಬೇಲಿಯಾಚೆ ಉಂಡು ಅದರ ನೀರಿನಲ್ಲೇ ಕೈ ತೊಳೆಯುತ್ತ ನಿಂತಿರುತ್ತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೊಳೆದದ್ದು ನನಗೊಬ್ಬನಿಗೇ ಅಲ್ಲ. ಯಜಮಾನರು ಬೇಲಿಯ ಕಡೆ ತಿರುಗಿ, “ಓಹೋ! ಈ ಮೋಟ್ರು ಆನಾದಾಗ್ಲೇ ಓಯ್ತಾ ಇರಾದು! ಅಳಿಯಂದ್ರು ಪಾಪ, ಎಷ್ಟ್ ಒದ್ದಾಡ್ಬುಟ್ರು. ಹಿಂಗ್ ಹೇಳ್ದೆ ಕೇಳ್ದೆ ಶುರುವಾಗೋ ಹಂಗೆ ಸ್ಟಾರ್ಟರ್ ಹಾಕಿರೋ ತಲೆಕೆಟ್ಟೋನು ಯಾವನ್ಲಾ?” ಎಂದು ಗುಡುಗಿದರು.

ಮಾವ ಇನ್ನೂ ಆಟದ ಗುಂಗಿನಲ್ಲಿದ್ದರು. ಸ್ಟಾರ್ಟರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಎದೆ ಸೆಟೆಸಿ, ಅಂಗಳಕ್ಕೆಲ್ಲ ಕೇಳುವಂತೆ ಅಂದರು: “ಯಾವನೇನ್ಲಾ? ನಮ್ಮಳಿಯ ಕಣ್ಲಾ!”

ಅಷ್ಟೂ ಜನ ನನ್ನ ಕಡೆ ತಿರುಗಿದರು. ಊರಿನ ಅಳಿಯನಿಗೆ ಏನೂ ಅನ್ನುವ ಹಾಗಿಲ್ಲ, ಆದ್ದರಿಂದ ಯಾರೂ ಏನೂ ಅನ್ನಲಿಲ್ಲ. ಮಾವನಿಗೆ ವಿಷಯ ನಿಧಾನವಾಗಿ ಇಳಿಯಿತು. ಷರಟಿನ ಕಾಲರು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ ಗೆಳೆಯನನ್ನು ಕೇಳಿದರು: “ಅಂಗಾದ್ರೆ ಮಿಷನ್ ಸರಿ ಮಾಡವ್ರೆ ಅಂತ ಆಯ್ತು. ನಾನ್ ಕಟ್ಟೆ ಮ್ಯಾಲೆ ಕೂರ್ಬೋದಲ್ವಾ?”

“ಕೂರು” ಅಂದರು ಯಜಮಾನರು. “ಮೋಟ್ರು ಆಫ್ ಮಾಡ್ಬುಟ್ಟು ಬಂದು ಕೂರು.”

ನಾನು ಬೆವರುತ್ತ, ಆ ದಿನದ ಹಾಗೆಯೇ ಗೋಡೆಗೆ ಒರಗಿ ನಿಂತಿದ್ದೆ. ಜನರ ನಡುವಿನಿಂದ ಅವ್ವ ನನ್ನ ಮುಖವನ್ನೇ ನೋಡುತ್ತ ಹತ್ತಿರ ಬಂದು, ಅಕ್ಕರೆಯಿಂದ ಕೇಳಿದರು:

“ತಿರ್ಗಾ ಕರೆಂಟ್ ಹಿಡ್ಕತಾ ಮಗಾ? ಸೌದೆ ತರ್ಲಾ?”

“ತನ್ನಿ ಅವ್ವಾ” ಅಂದೆ. “ಈ ಸಲ ದಪ್ಪದ್ದೇ ತನ್ನಿ.”