ಜಮೈಕಾ ಮಟ್ಟಿನಲ್ಲಿ ನನ್ನ ದೇವರನಾಮ

ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಡೈರಿ ಬರೆಯುತ್ತೇನೆ ನಿಜ. ಆದರೆ ಬರೆಯುವ ಹೊತ್ತಿಗೆ ಆದದ್ದರ ಜೊತೆ ಆಗಬೇಕಿತ್ತು ಅನ್ನಿಸಿದ್ದೂ ಕೊಂಚ ಬೆರೆತುಬಿಟ್ಟಿರುತ್ತದೆ. ಹಾಗಾಗಿ ಆ ಶುಕ್ರವಾರದ ಭಜನೆಯಲ್ಲಿ ಹಾಡುಗಳು ಹದಿನಾರೋ ಹದಿನೆಂಟೋ, ಅಂದಿನ ಕೋಸಂಬರಿ ಹೆಸರುಬೇಳೆಯದೋ ಕಡಲೆಬೇಳೆಯದೋ, ಪ್ರಮಾಣ ಮಾಡಿ ಹೇಳಲಾರೆ. ನಾನು ಹಾಡಿದ್ದು ಮಾತ್ರ ನಿಜ.

ನನ್ನ ಮೈದುನ ರಘು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾನೆ, ಮನೆಯಲ್ಲಿ ಜಮೈಕಾದ ಡಾನ್ಸ್‌ಹಾಲ್ ಸಂಗೀತ ಕೇಳುತ್ತಾನೆ. ಒಂದು ಭಾನುವಾರ ಬನಶಂಕರಿಯ ನಮ್ಮ ಮನೆಯಲ್ಲಿ ಬೆಳಗಿನಿಂದ ಒಂದೇ ಹಾಡು ಗುದ್ದುತ್ತಿತ್ತು. "ಬೇರೆ ಹಾಕೋ, ತಲೆ ಚಿಟ್ಟು ಹಿಡೀತು" ಅಂದೆ. "ಅತ್ತಿಗೆ, ಇದು ಒಂಬತ್ತನೇ ಹಾಡು!" ಎಂದು ನೊಂದುಕೊಂಡ. ಅಲ್ಲಿ ಯಾರೋ ಒಬ್ಬರು ವಾದ್ಯದ ಮಟ್ಟೊಂದನ್ನು ಕಟ್ಟುತ್ತಾರಂತೆ. ಅದಕ್ಕೆ ರಿಡಿಮ್ ಎಂದು ಹೆಸರು. ಹತ್ತಾರು ಗಾಯಕರು ಅದೇ ಮಟ್ಟಿನ ಮೇಲೆ ತಂತಮ್ಮ ಹಾಡು ಹಾಡುತ್ತಾರೆ. ಎಲ್ಲ ಸೇರಿಸಿ ‘ವಿವಿಧ ಕಲಾವಿದರು’ ಎಂದು ಒಂದು ಆಲ್ಬಮ್.

ಅವರೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆ ತಲೆಯೆತ್ತಲಿಲ್ಲ. "ಇದರಲ್ಲೇನೋ ಹೊಸದು? ನಮ್ಮ ಸಾವಿತ್ರಮ್ಮ ಹದಿನೈದು ವರ್ಷದಿಂದ ಲಕ್ಷ್ಮಿಗೂ ಹನುಮಂತನಿಗೂ ಒಂದೇ ಮಟ್ಟು ಹಾಕ್ತಿಲ್ವಾ?"

ಸಾವಿತ್ರಮ್ಮ ಅತ್ತೆಯ ಭಜನೆ ಮಂಡಳಿಗೆ ಹಾರ್ಮೋನಿಯಂ ನುಡಿಸುವವರು. ಮಗಳ ಬಾಣಂತನಕ್ಕೆ ಹೋಗಿದ್ದರು. ಬರುವ ಶುಕ್ರವಾರವೇ ಹನುಮಂತನಗರದ ಒಂದು ಮನೆಯಲ್ಲಿ ಭಜನೆ ಒಪ್ಪಿಕೊಂಡಾಗಿತ್ತು. ಅಷ್ಟರಲ್ಲಿ ಆಲ್ಬಮ್ಮಿನ ಕೊನೆಗೆ, ಯಾರೂ ಹಾಡದ ಬರೀ ಮಟ್ಟು ಬಂತು. ಅತ್ತೆ ತೊಡೆಯ ಮೇಲೆ ತಾಳ ಹಾಕಿ ನೋಡಿದರು. "ಆದಿತಾಳಕ್ಕೆ ಕೂತ್ಕೊಳ್ಳುತ್ತೆ ಕಣೋ. ಇದೊಂದನ್ನ ನನ್ನ ಮೊಬೈಲಿಗೆ ಹಾಕಿಕೊಡು. ಶುಕ್ರವಾರ ಹಾರ್ಮೋನಿಯಂ ಬದಲು ಇದನ್ನೇ ಹಾಕ್ಕೊಂಡು ಒಬ್ಬೊಬ್ಬರೂ ಒಂದೊಂದು ಹಾಡ್ತೀವಿ."

ನನ್ನ ಲೆಕ್ಕ ಬೇರೆ ಇತ್ತು. ಆರು ವರ್ಷದಿಂದ ಮಂಡಳಿಯಲ್ಲಿದ್ದೆ. ಒಬ್ಬಳೇ ಒಂದು ಹಾಡನ್ನೂ ಹಾಡಿರಲಿಲ್ಲ. "ನಿನ್ನದು ಒಳ್ಳೇ ದೊಡ್ಡ ಕಂಠ ಕಣೆ, ಎಲ್ಲರನ್ನೂ ಪ್ರಸಾದಕ್ಕೆ ಕರಿ" ಎಂದು ಅತ್ತೆ ನನ್ನ ಕೈಗೆ ದೊನ್ನೆಯ ಕಟ್ಟು ಕೊಡುತ್ತಿದ್ದರು. ನನ್ನ ಇಂಗ್ಲಿಷ್ ಎಂ.ಎ.ಗೂ ಕೋಸಂಬರಿ ಹಂಚುವುದಕ್ಕೂ ವೈರವಿಲ್ಲ. ಆದರೂ ಆಸೆ ಎಂಬುದೊಂದು ಇರುತ್ತದಲ್ಲ. "ಅತ್ತೆ, ಎಲ್ಲರಿಗೂ ಒಂದೊಂದು ಸರದಿ ಅಂದ್ರೆ ನನಗೂ ಒಂದಿರುತ್ತೆ ಅಲ್ವಾ?" ಎಂದು ಕೇಳಿಯೇಬಿಟ್ಟೆ. "ಜಮೈಕಾದಲ್ಲಿ ಯಾರನ್ನೂ ಕೈಬಿಡಲ್ಲಮ್ಮ" ಎಂದ ರಘು. "ಕೊನೇಲಿ ನೋಡೋಣ" ಎಂದರು ಅತ್ತೆ.

ಶುಕ್ರವಾರ ಅತ್ತೆ ಮೊಬೈಲಿಗೆ ಜೋಡಿಸಿದ ಸ್ಪೀಕರನ್ನು ಶ್ರುತಿಪೆಟ್ಟಿಗೆಯಂತೆ ಮಗ್ಗುಲಲ್ಲಿಟ್ಟುಕೊಂಡು ಕೂತರು. ಗುದ್ದು ಶುರುವಾಗುತ್ತಲೇ ದೇವರ ಮುಂದಿನ ಬಟ್ಟಲುಗಳು ಸಣ್ಣಗೆ ನಡುಗಿದವು. "ಇದ್ಯಾವ ಪದ್ಧತಿ ರೀ?" ಎಂದರು ಆ ಮನೆಯಾಕೆ. "ಹೊರಗಡೇದು" ಎಂದರು ಅತ್ತೆ, ಅಷ್ಟೇ ಗಂಭೀರವಾಗಿ. ಎಲ್ಲರಿಗೂ ಮಟ್ಟು ಒಂದು ಸಲ ಮುಗಿಯುವಷ್ಟೇ ಹೊತ್ತು. ಮಂಡಳಿಯಲ್ಲಿ ಜಗಳವಿಲ್ಲದ ಮೊದಲ ಶುಕ್ರವಾರ ಅದು. ಕೊನೆಗೆ ನಾನು ಕಣ್ಣು ಮುಚ್ಚಿ ಹಾಡಿದೆ. ಯಾರೂ ಮುಖ ಸಿಂಡರಿಸಲಿಲ್ಲ. ಕಣ್ಣು ಮುಚ್ಚಿದ್ದವಳಿಗೆ ಅದು ಹೇಗೆ ಗೊತ್ತಾಯಿತೆಂದು ಡೈರಿಯಲ್ಲಿ ಬರೆದಿಲ್ಲ. ಮುಗಿದಾಗ, "ಏನೂ ತಪ್ಪು ಕೇಳಿಸಲಿಲ್ಲ ಬಿಡಿ" ಎಂದು ಆ ಮನೆಯಾಕೆ ನನ್ನ ಕೈ ಹಿಡಿದುಕೊಂಡರು.

ವಾಪಸ್ ಬರುವಾಗ ಆಟೋದಲ್ಲಿ ಆ ಮಾತನ್ನು ಮೆಲುಕು ಹಾಕುತ್ತಾ ಕೂತಿದ್ದೆ. ಆಮೇಲೆ ಒಂದೊಂದೇ ನೆನಪಾಗತೊಡಗಿತು. ನನ್ನ ಸರದಿಯಲ್ಲಿ ಗುದ್ದು ನೆಲದಿಂದ ಹಲ್ಲಿನವರೆಗೂ ಹತ್ತಿತ್ತು. ಕುಂಕುಮದ ಬಟ್ಟಲು ಉರುಳಿದ್ದು ಸರಿಯಾಗಿ ನನ್ನ ಪಲ್ಲವಿಗೇ.

"ಅತ್ತೆ, ನಾನು ಹಾಡುವಾಗ ನೀವು ಸೌಂಡ್ ಜಾಸ್ತಿ ಮಾಡಿದ್ರಾ?"

ಅತ್ತೆ ಮುಂದಕ್ಕೆ ಬಾಗಿ, "ಇಲ್ಲೇ ಎಡಕ್ಕೆ ತಗೊಳ್ಳಪ್ಪಾ" ಎಂದರು. ನಮ್ಮ ಮನೆ ಇರುವುದು ಬಲಕ್ಕೆ.