ಆರಡಿ ಡೊಂಕು

— ಈ ದೀಪಸ್ತಂಭ ನೀವು ಕಟ್ಟಿದ್ದಲ್ಲ ಕಣ್ರೀ! ನಿಮ್ಮ ತಾತ ಅಂಬೆಗಾಲಿಡೋ ಕಾಲಕ್ಕೇ ಅದು ಇಲ್ಲಿ ನಿಂತಿತ್ತು.

— ನಾನು ಕಟ್ಟಿದೆ ಅಂದ್ನಾ? ನಾವು ಕಟ್ಟಿದ್ವಿ ಅಂದೆ. ನಾವು ಅಂದ್ರೆ ಇಲಾಖೆ.

— ಇಲಾಖೆನೂ ಆಗ ಹುಟ್ಟಿರಲಿಲ್ಲ.

— ಮತ್ತೆ ಅದಕ್ಕೆ ಸುಣ್ಣ ಹೊಡೆಸಿದ್ದು ಯಾರು? ಅದೂ ಎರಡು ಸಲ!

— ಸುಣ್ಣ ಹೊಡೆಸಿದೋರೆಲ್ಲ ಕಟ್ಟಿದೋರಾದ್ರೆ ನಮ್ಮ ಮನೆ ಕಟ್ಟಿದ್ದು ನಾನು.

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ, ದೀಪಸ್ತಂಭದ ಬುಡದಲ್ಲಿ ನಿಂತು ಗಂಡ ಹೆಂಡತಿ ಹೀಗೆ ಜಗಳವಾಡುತ್ತಿದ್ದರು. ಗಂಡ ಬಂದರು ಇಲಾಖೆಯ ನಿವೃತ್ತ ಇಂಜಿನಿಯರು. ಕೈಯಲ್ಲಿ ಮೈಕು, ಕಾಲಲ್ಲಿ ಕಚ್ಚುವ ಹೊಸ ಬೂಟು. ಹೆಂಡತಿ ಅದೇ ಇಲಾಖೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದವರು. ಕೊಡೆಯನ್ನು ಕೋಲಿನ ಹಾಗೆ ಊರಿಕೊಂಡು ನಿಂತಿದ್ದರು. ಎದುರಿಗೆ ಸಭಿಕರು. ಸಭಿಕರೆಂದರೆ ಟೋಪಿ ಹಾಕಿ, ಹೆಗಲಿಗೆ ಚೀಲ ತಗುಲಿಸಿ, ನೋಟುಪುಸ್ತಕ ಹಿಡಿದ ಒಬ್ಬಳೇ ಹೆಂಗಸು.

ಇಂಜಿನಿಯರು ನಲವತ್ತು ಜನರಾದರೂ ಬಂದಾರು ಅಂದುಕೊಂಡಿದ್ದರು. 'ಬಂದರಿನ ಕಟ್ಟಡಗಳ ಕಾಲ್ನಡಿಗೆ ದರ್ಶನ' ಎಂದು ಗ್ರಂಥಾಲಯದ ಬಾಗಿಲಿಗೆ ತಾವೇ ಚೀಟಿ ಅಂಟಿಸಿ ಬಂದಿದ್ದರು. ಇದರ ಹಿಂದೆ ಒಂದು ಸಂಕಟವಿತ್ತು. ಬಂದರು ದೊಡ್ಡದಾಗಲಿದೆ, ಹಳೆಯದರಲ್ಲಿ ಯಾವುದನ್ನು ಉಳಿಸಬೇಕು ಯಾವುದನ್ನು ಕೆಡವಬೇಕು ಎಂದು ಒಂದು ಸಮಿತಿ ತೀರ್ಮಾನಿಸಲಿದೆ ಎಂಬ ಸುದ್ದಿ ಬಂದಿತ್ತು. ಕೆಡವುವ ಪಟ್ಟಿಯ ಮೊದಲ ಸಾಲಿನಲ್ಲೇ ಡೊಂಕು ಸೇತುವೆ. ಅವರು ಕೆಲಸಕ್ಕೆ ಸೇರಿದ ವರ್ಷ ನಿಂತು ಕಟ್ಟಿಸಿದ ಮೊದಲ ಸೇತುವೆ ಅದು. ಜನ ಬಂದು ನೋಡಲಿ, ನಾಲ್ಕು ಮಂದಿಯಾದರೂ ಸಮಿತಿಗೆ ಕಾಗದ ಬರೆಯಲಿ ಎಂಬುದು ಅವರ ಆಸೆ. ಈಗ ನಾಲ್ಕು ಮಂದಿಯ ಕಾಗದವನ್ನೂ ಈ ಒಬ್ಬಳೇ ಬರೆಯಬೇಕಿತ್ತು.

— ಆತ್ಮೀಯ ನಾಗರಿಕರೇ! ಎಂದರು ಇಂಜಿನಿಯರು ಮೈಕಿನಲ್ಲಿ.

ಮೂರಡಿ ದೂರದಲ್ಲಿದ್ದ ಹೆಂಗಸು ಕಿವಿ ಮುಚ್ಚಿಕೊಂಡಳು.

— ಸರ್, ಮೈಕು ಬೇಡ, ನನಗೆ ಚೆನ್ನಾಗಿ ಕೇಳಿಸುತ್ತೆ. ಅಂದಹಾಗೆ ನಾನು ಯಾರು ಅಂತ ಮೊದಲೇ ಹೇಳಿಬಿಡ್ತೀನಿ, ನಾನು...

— ಟೀಚರ್ ಅಲ್ವಾ? ನೋಟುಪುಸ್ತಕ ನೋಡಿದ ಕೂಡ್ಲೇ ಗೊತ್ತಾಯ್ತು. ಬನ್ನಿ, ಬಿಸಿಲೇರೋದರೊಳಗೆ ಒಣಕಟ್ಟೆ ನೋಡೋಣ.

— ಟೀಚರ್ ಥರ ಕಾಣಲ್ಲಪ್ಪ, ಪೇಪರ್‌ನೋರಿರಬೇಕು, ಎಂದರು ಹೆಂಡತಿ ಹಿಂದಿನಿಂದ.

ಒಣಕಟ್ಟೆಯ ಅಂಚಿನಲ್ಲಿ ಮೂವರೂ ಬಗ್ಗಿ ನೋಡಿದರು. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕಲ್ಲಿನ ದೊಡ್ಡ ಗುಂಡಿ. ತಳದಲ್ಲಿ ಒಂದು ಹಡಗು ಮರದ ದಿಮ್ಮಿಗಳ ಮೇಲೆ ಹೊಟ್ಟೆಯೂರಿ ಕುಳಿತಿತ್ತು.

— ಹಡಗು ಒಳಗೆ ಬಂದ ಮೇಲೆ ಆ ಬಾಗಿಲು ಹಾಕಿ ನೀರನ್ನೆಲ್ಲ ಹೊರಗೆ ಹಾಕ್ತಾರೆ. ಆಮೇಲೆ ರಿಪೇರಿ.

— ಇವರು ಬಿದ್ದಿದ್ದು ಇಲ್ಲೇ, ಎಂದರು ಹೆಂಡತಿ.

— ಬಿದ್ದಿದ್ದಲ್ಲ, ಇಳಿದಿದ್ದು. ತಪಾಸಣೆಗೆ.

— ತಪಾಸಣೆಗೆ ಯಾರಾದ್ರೂ ತಲೆಕೆಳಗಾಗಿ ಇಳೀತಾರಾ?

— ಎಷ್ಟು ಆಳ ಇದೆ ಸರ್?

— ಮೂವತ್ತೆರಡು ಅಡಿ.

— ಅಯ್ಯೋ! ಮೂವತ್ತೆರಡು ಅಡಿ ಬಿದ್ರಾ?

— ಗಾಬರಿ ಆಗ್ಬೇಡಮ್ಮ, ಆಗ ನೀರು ತುಂಬಿತ್ತು, ಎಂದರು ಹೆಂಡತಿ. ಇಲಾಖೆಗೆ ಆಗಿದ್ದು ಒಂದು ಅಳತೆ ಟೇಪಿನ ನಷ್ಟ, ಅಷ್ಟೇ.

ಹೆಂಗಸು ನಕ್ಕು ಏನೋ ಬರೆದುಕೊಂಡಳು. ಬರೆದದ್ದು ಆಳವನ್ನೋ ಬಿದ್ದದ್ದನ್ನೋ ಎಂದು ಇಂಜಿನಿಯರಿಗೆ ಚಿಂತೆ ಹತ್ತಿತು.

ಅಲ್ಲಿಂದ ಅಲೆತಡೆ ಗೋಡೆ. ಸಮುದ್ರದೊಳಕ್ಕೆ ಅರ್ಧ ಮೈಲಿ ಚಾಚಿದ ಆ ಬಂಡೆಗಳ ಸಾಲನ್ನು ನೋಡಿದರೆ ಇಂಜಿನಿಯರಿಗೆ ಈಗಲೂ ಮೈಯೆಲ್ಲ ಹುರುಪು.

— ಒಂದೊಂದು ಬಂಡೆ ಎಂಟು ಟನ್ನು! ಮೂವತ್ತು ವರ್ಷದಲ್ಲಿ ಒಂದೂ ಅಲ್ಲಾಡಿಲ್ಲ.

— ಮಗಳು ಹುಟ್ಟಿದ ದಿನ ಇವರೂ ಇಲ್ಲಿಂದ ಅಲ್ಲಾಡಲಿಲ್ಲ. ಆಸ್ಪತ್ರೆಯಿಂದ ಮೂರು ಸಲ ಹೇಳಿ ಕಳಿಸಿದೆ. ಬಂಡೆ ಇಳೀತಾ ಇದೆ, ಇಳಿದ ಮೇಲೆ ಬರ್ತೀನಿ ಅಂದ್ರು. ಬಂಡೆಗಿಂತ ಮುಂಚೆ ಮಗು ಇಳೀತು.

— ಬಂದೆನಲ್ಲ!

— ಬಂದ್ರಿ. ಬಂದು ಮಗು ತೂಕ ಎಷ್ಟು ಅಂದ್ರಿ. ಆರು ಪೌಂಡು ಅಂದಿದ್ದಕ್ಕೆ, ಅಷ್ಟೇನಾ ಅಂದ್ರಿ!

— ಬೆಳಗ್ಗೆಯಿಂದ ಎಂಟು ಟನ್ನಿನ ಲೆಕ್ಕದಲ್ಲಿದ್ದೆ ಕಣೇ!

ಹೆಂಗಸಿಗೆ ನಗು ತಡೆಯಲಾಗಲಿಲ್ಲ. ನಕ್ಕು ಕಣ್ಣೊರೆಸಿಕೊಂಡು ಮತ್ತೆ ಬಾಯಿ ತೆರೆದಳು.

— ನೀವಿಬ್ಬರೂ ತಪ್ಪು ತಿಳ್ಕೊಂಡಿದ್ದೀರಿ. ನಾನು ಟೀಚರೂ ಅಲ್ಲ, ಪೇಪರೂ ಅಲ್ಲ. ನನ್ನನ್ನ ಇಲ್ಲಿಗೆ...

— ಯಾರಾದ್ರೇನಮ್ಮ, ನಡೆಯೋಕೆ ಎರಡು ಕಾಲಿದ್ರೆ ಸಾಕು. ಒಂದು ನಿಮಿಷ!

ಇಂಜಿನಿಯರು ಹೆಂಡತಿಯ ತೋಳು ಹಿಡಿದು ಒಂದು ಲಾಂದ್ರ ಕಂಬದ ಮರೆಗೆ ಎಳೆದೊಯ್ದರು.

— ನೋಡೇ, ಮುಂದೆ ನಮ್ಮ ಸೇತುವೆ. ಅಲ್ಲಿ ಮಾತ್ರ ನೀನು ಬಾಯಿ ಹೊಲ್ಕೊಂಡಿರಬೇಕು.

— ಅಂದ್ರೆ ಮತ್ತೆ ಆ ಗಾಳಿ ಕಥೆ ಹೇಳ್ತೀರಾ?

— ಹೇಳ್ಲೇಬೇಕು. ತಪ್ಪಾಗಿ ಡೊಂಕಾಯ್ತು ಅಂತ ಹೇಳಿದ್ರೆ ಯಾರಾದ್ರೂ ಉಳಿಸಿಕೊಳ್ತಾರಾ? ಅದು ನಿಂತ ಕಡೆ ನಿಲ್ಲಲಿ ಅನ್ನೋ ಆಸೆ ನಿನಗಿಲ್ವಾ?

ಹೆಂಡತಿಗೂ ಆಸೆ ಇತ್ತು. ತುಟಿ ಬಿಗಿದು ತಲೆಯಾಡಿಸಿದರು.

ಒಳಬಂದರಿನ ಕಾಲುವೆಗೆ ಅಡ್ಡಲಾಗಿ, ಮೀನುಕಟ್ಟೆಯಿಂದ ಸುಂಕದ ಕಟ್ಟೆಗೆ ಆ ಸೇತುವೆ. ತಳ್ಳುಗಾಡಿಗಳೂ ಬುಟ್ಟಿ ಹೊತ್ತವರೂ ಓಡಾಡುತ್ತಿದ್ದರು. ಅರ್ಧ ಕಾಲುವೆಯ ತನಕ ನೆಟ್ಟಗೆ ಹೋದ ಸೇತುವೆ, ನಡುವೆ ಏನನ್ನೋ ನೆನೆಸಿಕೊಂಡ ಹಾಗೆ ಆರಡಿ ಪಕ್ಕಕ್ಕೆ ಸರಿದು, ಅಲ್ಲಿಂದ ಮತ್ತೆ ನೆಟ್ಟಗೆ ಹೋಗಿತ್ತು. ತಳ್ಳುಗಾಡಿಯವರು ಆ ಜಾಗ ಬಂದೊಡನೆ ನೋಡದೆಯೇ ಸೊಂಟ ತಿರುಗಿಸುತ್ತಿದ್ದರು.

— ಇದೇ ನಮ್ಮ ಹೆಮ್ಮೆ! ಎಂದರು ಇಂಜಿನಿಯರು ಗಂಟಲು ಸರಿಮಾಡಿಕೊಂಡು. ಈ ಬಾಗು ನೋಡಿ. ಸಮುದ್ರದ ಗಾಳಿಗೆ ಎದೆಯೊಡ್ಡಿ ನಿಲ್ಲಲಿ ಅಂತ, ಬೇಕೂಂತಲೇ ಹೀಗೆ ಬಾಗಿಸಿದ್ದು.

ಹೆಂಗಸು ಟೋಪಿ ತೆಗೆದಳು. ಗಾಳಿಗೆ ಕೂದಲು ಯಾವ ಕಡೆ ಹಾರುತ್ತದೆ ನೋಡಿದಳು.

— ಗಾಳಿ ಈ ಕಡೆಯಿಂದ ಬರ್ತಾ ಇದೆ ಸರ್. ಸೇತುವೆ ಎದೆಯೊಡ್ಡಿಲ್ಲ, ಬೆನ್ನು ಹಾಕಿದೆ.

ಇಂಜಿನಿಯರು ಮೈಕನ್ನು ಕಂಕುಳಿಗೆ ಸಿಕ್ಕಿಸಿದರು. ಮೂವತ್ತೆಂಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

— ಅದು... ಅಂದ್ರೆ... ಆಗ ನಕ್ಷೆ ಹಾಗಿತ್ತು.

ಆ ಮಾತು ಬಾಯಿಂದ ಬಿದ್ದದ್ದೇ ತಡ, ಹೆಂಡತಿಯ ಕೊಡೆ ಕಲ್ಲಿಗೆ ಠಣ್ಣೆಂದು ಬಡಿಯಿತು.

— ನಕ್ಷೆ ಹಾಗಿತ್ತಾ? ನಕ್ಷೆ ಹೇಗಿತ್ರೀ? ನಾನು ಬರೆದ ನಕ್ಷೆ! ಏಳಡಿ ಅಂತ ಬರೆದಿದ್ದೆ!

— ಒಂದಡಿ ಅಂತ ಇತ್ತು.

— ಇಂಗ್ಲಿಷ್ ಏಳಕ್ಕೆ ಸೊಂಟಕ್ಕೊಂದು ಪಟ್ಟಿ ಥರ ಅಡ್ಡಗೆರೆ ಹಾಕಿದ್ದೆ, ಒಂದು ಅಂತ ಯಾರೂ ಓದಬಾರದು ಅಂತಲೇ!

— ಯಾವ ಪಟ್ಟಿನೂ ಇರಲಿಲ್ಲ! ಬೋಳು ಸೊಂಟ!

— ಇತ್ತು! ನಿಮಗೆ ಕಾಣಲಿಲ್ಲ. ಕನ್ನಡಕ ಜೇಬಲ್ಲಿತ್ತಲ್ಲ!

— ಕನ್ನಡಕ ಯಾಕೆ ಜೇಬಲ್ಲಿತ್ತು? ನಕ್ಷೆ ಕೋಣೆಗೆ ಬರೋವಾಗ ಹಾಕ್ಕೊಂಡ್ರೆ ಗೂಬೆ ಥರ ಕಾಣ್ತೀರ ಅಂತ ನೀನೇ ಹೇಳಿದ್ದೆ!

ತಳ್ಳುಗಾಡಿಯವರು ಗಾಡಿ ನಿಲ್ಲಿಸಿ ನೋಡತೊಡಗಿದರು. ನಲವತ್ತಲ್ಲದಿದ್ದರೂ ಹದಿನೈದು ಜನರ ಸಭೆ ಕೂಡಿತು. ಹೆಂಗಸು ಇಬ್ಬರ ನಡುವೆ ಕೈ ಅಡ್ಡ ಹಿಡಿದಳು.

— ಅಂದ್ರೆ ಈ ಬಾಗು ಬೇಕೂಂತ ಮಾಡಿದ್ದಲ್ವಾ?

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಇಂಜಿನಿಯರು ಸೇತುವೆಯ ಕಟಕಟೆಗೆ ಒರಗಿ ನಿಂತರು.

— ಎರಡೂ ದಡದಿಂದ ಕಟ್ಟಿಕೊಂಡು ಬಂದ್ವಿ. ಈ ದಡಕ್ಕೆ ನಾನು, ಆ ದಡಕ್ಕೆ ಇನ್ನೊಬ್ಬ. ಗುರುತುಕಲ್ಲಿಂದ ಏಳಡಿ ಬಿಟ್ಟು ಶುರು ಮಾಡಬೇಕಿತ್ತು, ನಾನು ಒಂದಡಿ ಬಿಟ್ಟೆ. ನಡುವೆ ಬಂದು ನೋಡಿದ್ರೆ, ಆ ಕಡೆಯ ಮೇಸ್ತ್ರಿ ಕೈ ಚಾಚಿದ, ನಾನೂ ಚಾಚಿದೆ. ಕೈಗೆ ಕೈ ಸಿಗಲಿಲ್ಲ.

— ಒಡೆದು ಮತ್ತೆ ಕಟ್ಟಿ ಅಂತ ಎಲ್ಲರೂ ಅಂದ್ರು, ಎಂದರು ಹೆಂಡತಿ. ಈಗ ಅವರ ದನಿ ಇಳಿದಿತ್ತು. ಇವರ ಕೆಲಸ ಹೋಗೋದ್ರಲ್ಲಿತ್ತು. ದೊಡ್ಡ ಸಾಹೇಬ್ರು ಒಬ್ಬರೇ, ಒಂಬತ್ತು ದಿನ ಕೊಡ್ತೀನಿ, ಸೇರಿಸೋ ದಾರಿ ಇದ್ರೆ ಹುಡುಕಿ ಅಂದ್ರು. ಒಂಬತ್ತು ದಿನ ನಾವಿಬ್ಬರೂ ಒಂದೇ ಮೇಜಿಗೆ ಕೂತ್ವಿ. ಇವರು ಲೆಕ್ಕ ಹಾಕೋದು, ನಾನು ಬರೆಯೋದು, ಇವರು ಅಳಿಸೋದು, ನಾನು ಬಯ್ಯೋದು. ಕೊನೆಗೆ ಆ ಬಾಗಿನ ಕೆಳಗೆ ನಿಂತಿದೆಯಲ್ಲ, ದಪ್ಪ ಕಂಬ, ಅದು ಹುಟ್ಟಿತು.

— ಒಂಬತ್ತನೇ ದಿನ ಮದುವೆ ಆಗ್ತೀಯಾ ಅಂತ ಕೇಳಿದೆ, ಎಂದರು ಇಂಜಿನಿಯರು ಕಾಲುವೆ ನೋಡುತ್ತ.

— ಮೊದಲು ಕನ್ನಡಕ ಹಾಕ್ಕೊಂಡು ನೋಡಿ, ಆಮೇಲೆ ಕೇಳಿ ಅಂದೆ.

ತಳ್ಳುಗಾಡಿಯವರಲ್ಲಿ ಯಾರೋ ಶಿಳ್ಳೆ ಹಾಕಿದರು. ಹೆಂಗಸು ಮಾತ್ರ ಗಂಭೀರವಾಗಿ ಚೀಲದಿಂದ ಮೊಹರು ಒತ್ತಿದ ಕಾಗದದ ಕಟ್ಟೊಂದನ್ನು ಹೊರತೆಗೆದಳು.

— ಈಗಲಾದ್ರೂ ಹೇಳೋಕೆ ಬಿಡಿ. ಉಳಿಸೋದು, ಕೆಡವೋದು ಅಂತ ತೀರ್ಮಾನ ಮಾಡೋ ಸಮಿತಿಗೆ ವರದಿ ಬರೆಯೋಳು ನಾನೇ.

ಇಂಜಿನಿಯರ ಮುಖ ಸುಣ್ಣವಾಯಿತು. ತಮ್ಮ ಕೈಯಾರೆ ಸೇತುವೆಗೆ ಸಬ್ಬಲು ಹಾಕಿದಂತಾಯಿತಲ್ಲ ಎಂದುಕೊಂಡು ಅವರು ಕಟಕಟೆಯನ್ನು ಒಮ್ಮೆ ಸವರಿದರು. ಹೆಂಡತಿ ಮೆಲ್ಲಗೆ ಅವರ ತೋಳು ಹಿಡಿದುಕೊಂಡರು.

— ತಪ್ಪೆಲ್ಲ ನನ್ನ ಬಾಯಿದು ಕಣಮ್ಮ. ಅವರದ್ದೇನೂ ಇಲ್ಲ. ನೀನು ಗಾಳಿ ಅಂತಲೇ ಬರ್ಕೊ.

— ಗಾಳಿ ಅಂತ ಬರೆದ್ರೆ ಸೇತುವೆ ಹೋಗುತ್ತೆ. ಹಳೇ ಕಡತದಲ್ಲೂ ಗಾಳಿ ಅಂತಲೇ ಇದೆ. ಗಾಳಿ ಲೆಕ್ಕ ನೋಡಿದ ಸಮಿತಿಯೋರು, ಇದು ದಡ್ಡ ವಿನ್ಯಾಸ ಅಂತ ಕೆಡವೋ ಪಟ್ಟಿಗೆ ಹಾಕಿದ್ರು. ನನಗ್ಯಾಕೋ ಸಮಾಧಾನ ಆಗಲಿಲ್ಲ. ಇಷ್ಟು ದಡ್ಡ ಬಾಗಿಗೆ ಇಷ್ಟು ಜಾಣ ಕಂಬ ಯಾರು ಕೊಟ್ರು ಅಂತ ಕೇಳ್ಕೊಂಡೇ ಬಂದೆ. ಬೇಕೂಂತ ಬಾಗಿಸಿದ ಸೇತುವೆ ಎಷ್ಟೋ ಇವೆ ಸರ್. ತಪ್ಪಿದ್ದನ್ನ ಒಡೆಯದೆ ಸೇರಿಸಿ, ಮೂವತ್ತೆಂಟು ವರ್ಷ ಒಂದು ಬಿರುಕೂ ಇಲ್ಲದೆ ನಿಂತಿದ್ದು ನಾನು ನೋಡಿದ್ರಲ್ಲಿ ಇದೊಂದೇ. ಉಳಿಸಿ ಅಂತಲೇ ಬರೀತೀನಿ. ಇಲ್ಲೊಂದು ಫಲಕ ಹಾಕಿ ಅಂತಲೂ ಬರೀತೀನಿ.

— ಫಲಕ? ಎಂದರು ಇಂಜಿನಿಯರು.

— ಫಲಕ? ಎಂದರು ಹೆಂಡತಿ.

— ಹೂಂ. ತಪ್ಪು ಮಾಡಿದೋರ ಹೆಸರು ಬೇಕಲ್ಲ. ಹೇಳಿ, ತಪ್ಪು ಯಾರದು?

— ನಂದು! ಎಂದರು ಇಂಜಿನಿಯರು ಎದೆ ಸೆಟೆಸಿ. ಸ್ಪಷ್ಟವಾಗಿ ಏಳು ಅಂತ ಇತ್ತು. ನಾನೇ ಒಂದು ಅಂತ ಓದಿದೆ.

— ಏನ್ರೀ ಸುಳ್ಳು ಹೇಳ್ತೀರಿ? ಪಟ್ಟಿ ಹಾಕೋದನ್ನ ಮರೆತಿದ್ದು ನಾನು!

— ಪಟ್ಟಿ ಇತ್ತು ಕಣೇ! ಕಣ್ಣಾರೆ ನೋಡಿದ್ದೀನಿ!

— ಹೇಗೆ ನೋಡಿದ್ರಿ? ಕನ್ನಡಕ ಜೇಬಲ್ಲಿತ್ತು!

— ಅದಕ್ಕೇ ತಪ್ಪು ನಂದು ಅಂತಿರೋದು!

ಹೆಂಗಸು ಪೆನ್ನು ಎತ್ತಿ ಹಿಡಿದಳು.

— ಇಬ್ಬರ ಹೆಸರನ್ನೂ ಹಾಕ್ತೀನಿ, ಆಯ್ತಾ? ಯಾರದು ಮೊದಲು?

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಂಜಿನಿಯರ ಮನಸ್ಸು ಕರಗಿತು.

— ಅವಳದ್ದೇ ಮೊದಲು ಹಾಕಮ್ಮ.

ಹೆಂಡತಿಯ ಕಣ್ಣಂಚು ಒದ್ದೆಯಾಯಿತು. ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಸೆರಗು ಸರಿಮಾಡಿಕೊಂಡರು. ಇಂಜಿನಿಯರಿಗೆ ಮಾತು ಅಲ್ಲಿಗೇ ನಿಲ್ಲಿಸಲಾಗಲಿಲ್ಲ.

— ಅವಳು ಮೊದಲು ಹಾಗೆ ಬರೆದಿದ್ದಕ್ಕೆ ತಾನೇ ಆಮೇಲೆ ನಾನು ಹಾಗೆ ಓದಿದ್ದು!

— ನೋಡಿದ್ಯೇನಮ್ಮ? ಎಂದರು ಹೆಂಡತಿ ಹದಿನೈದು ಜನಕ್ಕೂ ಕೇಳಿಸುವ ಹಾಗೆ. ಫಲಕದಲ್ಲೂ ನನ್ನ ಮೇಲೇ ಹಾಕಿದ್ರು!