ಮೋತ್ಯಾನ ಹೊಟ್ಟೆಗೆ ಸೇರಿದ ಸರಕಾರಿ ಮಾಲು

ನಿಜಾಮರ ಲೆಕ್ಕದ ಫಸಲಿ ೧೩೫೩ರಲ್ಲಿ, ಅಂದರೆ ಇಸವಿ ೧೯೪೩-೪೪ರಲ್ಲಿ, ನಮ್ಮೂರಿನ ಉಗ್ರಾಣದಲ್ಲಿದ್ದ ಸರಕಾರಿ ಜೋಳವನ್ನು ಒಂದು ನಾಯಿ ತಿಂದಿತು. ಇದು ಮೇಲಿನವರು ಸಹಿ ಹಾಕಿ ಒಪ್ಪಿದ ಸಂಗತಿ. ಆದ್ದರಿಂದ ಅನುಮಾನಕ್ಕೆ ಎಡೆಯಿಲ್ಲ. ಜೋಳದ ಜೊತೆಗೆ ಅದು ಚಿಮಣಿ ಎಣ್ಣೆಯನ್ನು ಡಬ್ಬಿಗಳ ಸಮೇತ ತಿಂದಿತು, ಉಗ್ರಾಣಕ್ಕೆ ಹೊದಿಸಲು ತಂದಿಟ್ಟ ತಗಡು ತಿಂದಿತು, ಕಬ್ಬಿಣದ ತಕ್ಕಡಿಯನ್ನೂ ಬಿಡಲಿಲ್ಲ. ಆಗ ಅದಕ್ಕೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ನಾಯಿಯ ಹೆಸರು ಮೋತ್ಯಾ. ಸಾಕಿದವರು ಉಗ್ರಾಣದ ಕಾರಕೂನ ಉಮಾಪತಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಬೆಳಕಿಂಡಿ. ಹೀಗಾಗಿ ಅಲ್ಲಿ ನಡೆದದ್ದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ. ಕಣ್ಣಾರೆ ಕಂಡವರನ್ನು ಕೇಳುವ ಪದ್ಧತಿ ತನಿಖೆಗಳಲ್ಲಿ ಇಲ್ಲವಾದ್ದರಿಂದ ನನ್ನನ್ನು ಯಾರೂ ಕೇಳಲಿಲ್ಲ.

ಯುದ್ಧದ ಕಾಲ ಅದು. ರೈತರ ಕಣದಿಂದ ಅಳೆದು ತಂದ ಜೋಳ ಉಗ್ರಾಣ ಸೇರುತ್ತಿತ್ತು. ಅಲ್ಲಿಂದ ಸಂತೆಯ ದಿನ ಕೂಲಿ ಮಾಡುವ ಮನೆಗಳಿಗೆ ಕಡಿಮೆ ದರದಲ್ಲಿ ಹಂಚಬೇಕೆಂದು ಹುಕುಂ ಇತ್ತು. ಬಟ್ಟೆಗಂತೂ ಬರ. ಊರಿನ ಹಳೆಯ ಬಟ್ಟೆಗಳೆಲ್ಲ ಊರಿನವರ ಮೈಮೇಲೆಯೇ ಇದ್ದವು.

ಮೋತ್ಯಾ ಮರಿ ಕನಕಗಿರಿ ಸಂತೆಯಿಂದ ಉಮಾಪತಿಯವರ ಗಾಡಿಯ ನೆರಳಿನಲ್ಲಿ ನಡೆದುಕೊಂಡು ಬಂದದ್ದು. ಇಲಿ ಹಿಡಿದೀತು ಎಂದು ಅವರು ಒಳಗೆ ಬಿಟ್ಟುಕೊಂಡರು. ಇಲಿಗಳಿಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಅದು ಮಜ್ಜಿಗೆ ಕಡೆಯುವ ಹಗ್ಗ ಕಡಿಯಿತು, ಹೊಸ್ತಿಲು ಕೆರೆಯಿತು, ಒಣಹಾಕಿದ ಸೀರೆಯನ್ನು ತಿಪ್ಪೆಯವರೆಗೆ ಎಳೆದೊಯ್ದು ಅಲ್ಲಿ ಅದರ ಮೇಲೆ ಮಲಗಿತು. ನನ್ನ ಎಡಗಾಲಿನ ಚಪ್ಪಲಿಯನ್ನು ಒಯ್ದಿತು. ಬಲಗಾಲಿನದನ್ನು ಬಿಟ್ಟದ್ದು ಯಾಕೆಂದು ನನಗೆ ಇವತ್ತಿಗೂ ಸಿಟ್ಟಿದೆ.

ಇದೆಲ್ಲವನ್ನೂ ಉಮಾಪತಿಯವರ ಹೆಂಡತಿ ಕಳಕಮ್ಮ ಬಯ್ಯುತ್ತ ಬಯ್ಯುತ್ತ ಸಹಿಸಿದರು. ಕೌದಿಯನ್ನು ಮಾತ್ರ ಸಹಿಸಲಾಗಲಿಲ್ಲ.

ನಮ್ಮ ಕಡೆ ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಗಟ್ಟಿಯಾಗಿ ಬಾಳಿದ ಹಿರಿಯರು ಉಟ್ಟು, ತೊಟ್ಟು, ಒಗೆದು ಮೆತ್ತಗಾದ ಬಟ್ಟೆಯಿಂದ ಕೌದಿ ಹೊಲಿದು ತೊಟ್ಟಿಲಿಗೆ ಹಾಸಬೇಕು. ಅವರ ಆಯುಷ್ಯ ಕೂಸಿಗೆ ಬರುತ್ತದೆ. ಉಮಾಪತಿಯವರ ಮಗಳು ಶೇಖರಮ್ಮನ ಮೊದಲ ಕೂಸು ದಿನ ತುಂಬುವ ಮೊದಲೇ ಗಂಡನ ಮನೆಯಲ್ಲಿ ಹುಟ್ಟಿ, ಗಡಿಬಿಡಿಯಲ್ಲಿ ಹೊಸ ಬಟ್ಟೆಯ ಮೇಲೆ ಮಲಗಿ, ತಿಂಗಳೊಳಗೆ ಹೋಗಿಬಿಟ್ಟಿತ್ತು. ಈಗ ಎರಡನೆಯದು. ಉಮಾಪತಿಯವರ ತಾಯಿ ಶಿವಬಸಮ್ಮ, ತೊಂಬತ್ತು ದಾಟಿ ಬಾಳಿದ ತಮ್ಮ ಮಾವನ ಧೋತರವನ್ನು ಪೆಟ್ಟಿಗೆಯಿಂದ ತೆಗೆದು, ಸೂಜಿಗೆ ದಾರ ಪೋಣಿಸಲು ದಾರಿಹೋಕರನ್ನೆಲ್ಲ ಕರೆಯುತ್ತ, ಒಂದು ಕೌದಿ ಹೊಲಿದು ಮುಗಿಸಿದ್ದರು. ಒಂದು ಮಧ್ಯಾಹ್ನ ಮೋತ್ಯಾ ಅದನ್ನು ಚೂರುಚೂರು ಮಾಡಿತು. ಮುದುಕಿ ಆ ಚೂರುಗಳನ್ನು ಉಡಿಯಲ್ಲಿ ತುಂಬಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು.

"ಏನ್ರಿ, ಬಾಣಂತಿ ಬರೂ ಮನಿ ಇದು," ಎಂದರು ಕಳಕಮ್ಮ ಗಂಡನಿಗೆ. "ಈ ನಾಯೀನ ಮಂಗಳೂರಾಗ ನಮ್ಮ ಅಣ್ಣನ ಮನಿಗೆ ಬಿಟ್ಟು ಬರ್ರಿ. ಇವತ್ತ."

ಉಮಾಪತಿ ಒಪ್ಪಿದರು. ಯಲಬುರ್ಗಿ ದಾರಿಯ ಮಂಗಳೂರಿಗೆ ಹೋಗಿ ಬರಲು ರಜೆ ಬೇಕು. ರಜೆ ಕೇಳಲು ನಾಯಿಯನ್ನು ಕಂಕುಳಲ್ಲಿಟ್ಟುಕೊಂಡೇ ಉಗ್ರಾಣಕ್ಕೆ ಹೋದರು. ಅವರು ರಜೆ ಕೇಳುತ್ತಿರುವಾಗ ಮೋತ್ಯಾ ಮೇಜಿನ ಕೆಳಗೆ ಕೂತು ಸರಕಾರಿ ಮೊಹರಿನ ಕಟ್ಟಿಗೆಯ ಹಿಡಿಯನ್ನು ತಿಂದುಹಾಕಿತು.

ಉಮಾಪತಿ ಪ್ರಾಮಾಣಿಕರು. ಮುಚ್ಚಿಡದೆ ತಮ್ಮ ಮೇಲಧಿಕಾರಿ ದಾರೋಗಾ ದೇವೇಂದ್ರಪ್ಪನವರಿಗೆ ತಿಳಿಸಿದರು. ದೇವೇಂದ್ರಪ್ಪ ಹಿಡಿಯಿಲ್ಲದ ಮೊಹರನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಾಯಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಖರೇನ ತಿಂದೈತೇನು?"

"ತಿಂದೈತ್ರಿ. ತಪ್ಪಾತ್ರಿ."

"ಒಂದು ಚೂರೂ ಉಳಿದಿಲ್ಲ?"

"ಇಲ್ರಿ."

"ಅಂದ್ರ ಕಟಿಗಿ ತಿಂತೈತಿ," ಎಂದರು ದೇವೇಂದ್ರಪ್ಪ, ನಿಧಾನವಾಗಿ. "ಕಟಿಗಿ ತಿನ್ನೂದು ಜ್ವಾಳ ಬಿಡತೈತೇನು? ಬರೀರಿ."

ವರದಿ ಹೋಯಿತು. ಅದರಲ್ಲಿ ಮೊಹರಿನ ಹಿಡಿಯ ಜೊತೆಗೆ ಒಂದು ಗಾಡಿ ಜೋಳವೂ ಸೇರಿತ್ತು. ಮೇಲಿನಿಂದ ಮಂಜೂರಿ ಬಂತು, ಅದರ ಕೆಳಗೆ ಒಂದು ನಿಯಮವೂ ಬಂತು: "ಸರಕಾರಿ ಮಾಲನ್ನು ತಿಂದ ಪ್ರಾಣಿಯು, ತಿಂದದ್ದು ಪಚನವಾಯಿತೆಂದು ಖಚಿತವಾಗುವ ತನಕ, ಸರಕಾರದ ವಶದಲ್ಲಿ ಇರತಕ್ಕದ್ದು. ಅದನ್ನು ಊರ ಗಡಿ ದಾಟಿಸತಕ್ಕದ್ದಲ್ಲ, ಕಟ್ಟತಕ್ಕದ್ದಲ್ಲ, ಹೊಡೆಯತಕ್ಕದ್ದಲ್ಲ, ಗದರಿಸತಕ್ಕದ್ದಲ್ಲ. ಸಾಕುವ ಜವಾಬ್ದಾರಿ ಮೊದಲು ಸಾಕಿದವರದೇ."

ನಿಯಮವನ್ನು ಪಾಲಿಸಲು ಚಪರಾಸಿ ಮದಾರಸಾಬ ಉಮಾಪತಿಯವರ ಬಾಗಿಲಿಗೆ ಬಂದು ನಿಂತ. ಒಳ್ಳೆಯ ಮನುಷ್ಯ. ಹಿತ್ತಾಳೆ ಬಿಲ್ಲೆಯ ಪಟ್ಟಿಯನ್ನು ಸೊಂಟದಿಂದ ಬಿಚ್ಚಿ ಪಕ್ಕಕ್ಕಿಟ್ಟು ನೀರು ಕುಡಿಯುವಷ್ಟರಲ್ಲಿ ಮೋತ್ಯಾ ಪಟ್ಟಿಯನ್ನು ತಿಂದು ಬಿಲ್ಲೆಯನ್ನು ಉಳಿಸಿತು.

"ಅಕ್ಕಾರ, ಹೊಡೀಬ್ಯಾಡ್ರಿ," ಎಂದ ಮದಾರಸಾಬ, ಕಳಕಮ್ಮನ ಕೈಯಲ್ಲಿದ್ದ ಕಸಬರಿಗೆ ನೋಡಿ. "ಅದು ನನಗಿಂತ ದೊಡ್ಡ ನೌಕರಿ ಮ್ಯಾಲ ಐತಿ."

ಅಲ್ಲಿಂದ ಮುಂದೆ ಮೋತ್ಯಾನ ಹಸಿವು ಹೆಚ್ಚುತ್ತ ಹೋಯಿತು. ಒಂದು ದಿನ ಅದು ಶಿವಬಸಮ್ಮನ ಎಲೆಯಡಿಕೆ ಚೀಲದಲ್ಲಿದ್ದ ತಂಬಾಕು ತಿಂದು, ನಾಲಗೆ ಹೊರಗೆ ಚಾಚಿ, ಸಂಜೆಯವರೆಗೆ ನಮ್ಮ ಗೋಡೆಗೆ ಒರಗಿ ಬಿದ್ದಿತ್ತು. ವರದಿಯ ಪ್ರಕಾರ ಅದು ಕಬ್ಬಿಣದ ತಕ್ಕಡಿ ತಿಂದದ್ದು ಅದೇ ಮಧ್ಯಾಹ್ನ. ತಗಡು ತಿಂದ ತಿಂಗಳಲ್ಲಿ ದೇವೇಂದ್ರಪ್ಪನವರ ಹೊಸ ದನದ ಕೊಟ್ಟಿಗೆಗೆ ತಗಡು ಹೊದಿಸಿದರು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ನಾಯಿ ತಿಂದ ತಗಡು ಬೇರೆ, ಕೊಟ್ಟಿಗೆಯ ತಗಡು ಬೇರೆ. ಅಂಚಿನ ಮೇಲಿನ ಸರಕಾರಿ ಗುರುತು ಮಾತ್ರ ಒಂದೇ.

ಸಂತೆಯ ದಿನ ಜನ ಚೀಲ ಹಿಡಿದು ಉಗ್ರಾಣದ ಮುಂದೆ ಬಂದರೆ ತಳವಾರ ಕಾಳಪ್ಪ ಹಲಗೆ ಬಡಿಯುತ್ತಿದ್ದ.

"ಕೇಳ್ರೆಪ್ಪೋ ಕೇಳ್ರಿ! ಈ ವಾರದ ಜ್ವಾಳ ನಾಯಿ ತಿಂದೈತಿ! ಬರೂ ವಾರ ತಿನ್ನಲಿಲ್ಲಂದ್ರ ಕೊಡತಾರ! ಯಾರೂ ನಾಯಿಗೆ ಕಲ್ಲು ಒಗೀಬಾರದು!"

ಮೊದಲ ವಾರ ಜನ ನಕ್ಕರು. ಎರಡನೆಯ ವಾರ ಗೊಣಗಿದರು. ಆಮೇಲೆ ರೂಢಿಯಾಯಿತು. ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದ ಬಾನುಬೀ ಒಂದು ಸಂತೆಯ ದಿನ ಖಾಲಿ ಚೀಲ ಮಡಚಿಕೊಂಡು ಉಮಾಪತಿಯವರ ಮನೆಯವರೆಗೆ ಬಂದು, ಬಾಗಿಲಲ್ಲಿ ನಿಂತು, ಬಹಳ ಮರ್ಯಾದೆಯಿಂದ ಕೇಳಿದಳು: "ಅಕ್ಕಾ, ಅದಕ್ಕ ಮನ್ಯಾಗ ಒಂದೀಟು ಹೊಟ್ಟಿ ತುಂಬ ಹಾಕ್ರಿ. ಮುಂದಿನ ವಾರರೆ ನಮ್ಮದು ಬಿಟ್ಟೀತು."

ಕಳಕಮ್ಮ ತಮ್ಮ ಬುಟ್ಟಿಯಲ್ಲಿದ್ದ ರೊಟ್ಟಿಯನ್ನು ಆಕೆಯ ಚೀಲಕ್ಕೆ ಹಾಕಿ ಒಳಗೆ ಹೋದರು. ನನಗೆ ಆ ದಿನ ಬಹಳ ಸಿಟ್ಟು ಬಂತು. ನಾಯಿಯ ಮೇಲೆ ಸಿಟ್ಟು ಮಾಡಲು ನಿಯಮದಲ್ಲಿ ಅವಕಾಶವಿರಲಿಲ್ಲ; ಉಳಿದವರ ಮೇಲೆ ಸಿಟ್ಟು ಮಾಡಲು ಧೈರ್ಯವಿರಲಿಲ್ಲ.

ಇತ್ತ ಶೇಖರಮ್ಮನಿಗೆ ದಿನ ಹತ್ತಿರವಾಯಿತು. ಕೌದಿಗೆ ಬಟ್ಟೆ ಸಿಗಲಿಲ್ಲ. ಉಮಾಪತಿಯವರ ಬಳಿ ತಲೆಗೆ ಸುತ್ತುವ ಒಂದೇ ರುಮಾಲಿತ್ತು. ಬರಿದಲೆಯಲ್ಲಿ ಸರಕಾರಿ ಜಾಗಕ್ಕೆ ಕಾಲಿಡುವಂತಿಲ್ಲ, ಅದನ್ನು ಕೊಟ್ಟರೆ ನೌಕರಿ ಹೋಗುತ್ತದೆ. ಕಡೆಗೆ ಅವರು ನಾಚಿಕೆ ಬಿಟ್ಟು ದೇವೇಂದ್ರಪ್ಪನವರನ್ನೇ ಕೇಳಿದರು.

"ನಾಯಿ ನಮ್ಮ ಕೂಸಿನ ಕೌದಿ ತಿಂದೈತ್ರಿ. ಎಲ್ಲಾದಕ್ಕೂ ಮಂಜೂರಿ ಸಿಕ್ಕೈತಿ. ಇದಕ್ಕೊಂದು ಹಳೇ ಅರಿವಿ ಕೊಡಿಸ್ರಿ."

"ಚೂರು ಉಳಿದಾವೇನು?"

"ನಮ್ಮವ್ವ ಗಂಟು ಕಟ್ಟಿ ಇಟ್ಟಾಳ್ರಿ. ತಂದು ತೋರಸ್ತೀನಿ."

"ಚೂರು ಉಳಿದಾವಂದ್ರ ತಿಂದಿಲ್ಲ, ಹರದೈತಿ," ಎಂದರು ದೇವೇಂದ್ರಪ್ಪ, ತುಂಬ ಸಮಾಧಾನದಿಂದ. "ಹರದಿದ್ದಕ್ಕ ನಿಯಮ ಇಲ್ಲ. ನಮ್ಮ ಜ್ವಾಳ ನೋಡ್ರಿ, ಒಂದು ಕಾಳು ಉಳಿದೈತೇನು? ಏನೂ ಉಳಿದಿಲ್ಲಂದ್ರ ತಿಂದೈತಿ ಅನ್ನೂದಕ್ಕ ಅದ ಪುರಾವೆ."

ಉಮಾಪತಿ ಇದನ್ನು ಮನೆಗೆ ಬಂದು ಹೆಂಡತಿಗೆ ಹೇಳಿದರು. ಕಳಕಮ್ಮ ಇನ್ನೊಮ್ಮೆ ಹೇಳಿರೆಂದರು. ಅವರು ಇನ್ನೊಮ್ಮೆ ಹೇಳಿದರು.

ಕೂಸು ಹುಟ್ಟಿತು. ಗಂಡು, ಸಣ್ಣ ಜೀವ. ಶಿವಬಸಮ್ಮ ಕೌದಿಯಿಲ್ಲದ ತೊಟ್ಟಿಲಿಗೆ ಅದನ್ನು ಹಾಕಗೊಡಲಿಲ್ಲ. ಶೇಖರಮ್ಮ ಕೂಸನ್ನು ಎದೆಗವಚಿಕೊಂಡೇ ಕೂತಿರುತ್ತಿದ್ದಳು; ಕೆಳಗಿಟ್ಟರೆ ಹೋಗಿಬಿಡುತ್ತದೆಂಬ ಹೆದರಿಕೆ ಅವಳ ಮುಖದ ಮೇಲೆ ಇತ್ತು. ತೊಟ್ಟಿಲಿಗೆ ಹಾಕುವ ಶಾಸ್ತ್ರವನ್ನು ಮುಂದಕ್ಕೆ ಹಾಕಿದರು. ಖಾಲಿ ತೊಟ್ಟಿಲು ಪಡಸಾಲೆಯಲ್ಲಿ ತೂಗುತ್ತಿತ್ತು. ಏನು ಕಾರಣವೋ, ಕೂಸಿನ ದನಿ ಕೇಳಿದಂದಿನಿಂದ ಮೋತ್ಯಾ ಅದರ ಕೆಳಗೆ ಹೋಗಿ ಮಲಗತೊಡಗಿತು. ಏನನ್ನೂ ಕಡಿಯಲಿಲ್ಲ. ಹಾಕಿದ ರೊಟ್ಟಿಯನ್ನು ತಿಂದು ಬಾಲ ಅಲ್ಲಾಡಿಸಿ ಸುಮ್ಮನಿರುತ್ತಿತ್ತು.

ಸರಿಯಾಗಿ ಆಗಲೇ ಜಿಲ್ಲೆಯಿಂದ ತನಿಖೆಯ ಸಾಹೇಬರು ಬಂದರು.

ಅವರ ಗಾಡಿ ಊರೊಳಗೆ ಬರುವಾಗ ಹಗುರಾಗಿತ್ತು. ಉಗ್ರಾಣದ ಹಿಂಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ ಮೇಲೆ ಎತ್ತುಗಳಿಗೆ ಅದನ್ನು ಎಳೆಯುವುದು ಕಷ್ಟವಾಯಿತು. ಸಾಹೇಬರು ದಪ್ಪ ಮೈಯವರು, ಕೆಂಪು ಕೆನ್ನೆಯವರು; ತಲೆಗೆ ಒಗೆದೊಗೆದು ಬೆಣ್ಣೆಯಾದ ದೊಡ್ಡ ರುಮಾಲು, ಅದಕ್ಕೆ ಜರಿಯ ಅಂಚು. ನಾಯಿಯನ್ನು ಕಣ್ಣಿಂದ ನೋಡದೆ ಸಹಿ ಹಾಕುವುದಿಲ್ಲವೆಂದು ಹೇಳಿ ಉಮಾಪತಿಯವರ ಪಡಸಾಲೆಗೆ ಬಂದು ಕಂಬಳಿಯ ಮೇಲೆ ಕೂತರು. ಸೆಕೆಗೆ ರುಮಾಲು ತೆಗೆದು ಗೂಟಕ್ಕೆ ಹಾಕಿದರು.

ಮೋತ್ಯಾನ ಮುಂದೆ ಒಂದು ಬೊಗಸೆ ಜೋಳ, ತಗಡಿನ ತುಂಡು, ಕಟ್ಟಿಗೆಯ ಮಣೆ ಇಟ್ಟರು. ಮೋತ್ಯಾ ಜೋಳವನ್ನು ಮೂಸಿತು. ಸೀನಿತು. ಮತ್ತೆ ತೊಟ್ಟಿಲ ಕೆಳಗೆ ಹೋಗಿ ಮಲಗಿತು. ದೇವೇಂದ್ರಪ್ಪನವರ ಕತ್ತಿನಿಂದ ಬೆವರು ಇಳಿಯಿತು.

"ನಾಯಿ ತಿಂದಿಲ್ಲಂದ್ರ," ಎಂದರು ಸಾಹೇಬರು, "ತಿಂತೈತಿ ಅಂತ ಮೊದಲು ಹೇಳಿದಾವ್ರು ಯಾರು?"

ದೇವೇಂದ್ರಪ್ಪ ಉಮಾಪತಿಯವರತ್ತ ಬೆರಳು ಮಾಡಿದರು. ಉಮಾಪತಿಯವರ ಮುಖ ಸುಣ್ಣವಾಯಿತು. ಒಳಕೋಣೆಯಲ್ಲಿ ಕೂಸು ಅತ್ತಿತು. ಸಾಹೇಬರು ಬಾಗಿಲಾಚೆ ನಿಂತಿದ್ದ ತಮ್ಮ ಗಾಡಿಯನ್ನೊಮ್ಮೆ ನೋಡಿದರು. ನ್ಯಾಯದ ಕಡೆಗೆ ಅವರ ಮನಸ್ಸು ತಿರುಗಿತು.

"ಹೊಟ್ಟಿ ತುಂಬಿದ ನಾಯಿ ತಿನ್ನೂದಿಲ್ಲ," ಎಂದರು. "ಅಷ್ಟು ತಿಂದೈತಿ ಅಂತನ ಈಗ ಇದು ತಿನ್ನವಲ್ದು. ಇದಕ್ಕಿಂತ ಪುರಾವೆ ಏನು ಬೇಕು?"

ಎಲ್ಲರೂ ಹೌದೆಂದರು. ಸಾಹೇಬರು ಬಾಗಿ ಕೂತು ಸಹಿ ಹಾಕಿದರು. ಎದ್ದು ನೋಡಿದರೆ ಗೂಟದ ಮೇಲೆ ರುಮಾಲಿಲ್ಲ.

ಬೆಳಕಿಂಡಿಯಿಂದ ನನಗೆ ಎಲ್ಲ ಕಂಡಿತ್ತು. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

"ನನ್ನ ರುಮಾಲೆಲ್ಲಿ?"

"ನಾಯಿ ತಿಂದೈತ್ರಿ, ಸಾಹೇಬ್ರ," ಎಂದರು ಕಳಕಮ್ಮ, ಕೋಣೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತು.

"ಯಾವಾಗ? ಇಲ್ಲೇ ಮಲಗೇತಲ್ಲ!"

"ತಿಂದು ಮಲಗೇತ್ರಿ."

"ಒಂದು ಎಳೀನೂ ಬಿದ್ದಿಲ್ಲ!"

"ಬಿದ್ದಿದ್ರ ಹರದೈತಿ ಅಂತಿದ್ವಿರಿ. ಏನೂ ಉಳಿದಿಲ್ಲಲ್ರಿ, ಅದಕ್ಕ ತಿಂದೈತಿ. ದಾರೋಗಾರನ್ನ ಕೇಳ್ರಿ, ನಿಯಮ ಅವರ ಹೇಳ್ಯಾರ."

ಸಾಹೇಬರು ದೇವೇಂದ್ರಪ್ಪನವರನ್ನು ನೋಡಿದರು. ದೇವೇಂದ್ರಪ್ಪ ನೆಲ ನೋಡಿದರು. ಸಹಿಯ ಶಾಯಿ ಇನ್ನೂ ಹಸಿಯಾಗಿತ್ತು. ತಕ್ಕಡಿ ತಿಂದ ನಾಯಿ ರುಮಾಲು ತಿನ್ನಲಾರದೆಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

"ಛಲೋ ಹೊಟ್ಟಿ," ಎಂದರು ಸಾಹೇಬರು ಕೊನೆಗೆ.

ಸಾಹೇಬರು ಬರಿದಲೆಯಲ್ಲಿ ಹೊರಡುವುದು ಶೋಭೆಯಲ್ಲವಾದ್ದರಿಂದ ದೇವೇಂದ್ರಪ್ಪನವರ ರುಮಾಲನ್ನು ಅವರಿಗೆ ಸುತ್ತಿದರು. ಬರಿದಲೆಯಾದ ದೇವೇಂದ್ರಪ್ಪ ನಿಯಮದಂತೆ ಉಗ್ರಾಣಕ್ಕೆ ಕಾಲಿಡುವಂತಿರಲಿಲ್ಲ. ಬಟ್ಟೆಯ ಬರದಲ್ಲಿ ಹೊಸದು ಸಿಗುವವರೆಗೆ ಮನೆಯಲ್ಲೇ ಉಳಿದರು. ಆ ದಿನಗಳಲ್ಲಿ ಮೋತ್ಯಾನಿಗೆ ಹಸಿವೇ ಆಗಲಿಲ್ಲ. ಸಂತೆಯ ದಿನ ಬಾನುಬೀ ಚೀಲ ತುಂಬ ಜೋಳ ಒಯ್ದಳು. ಹೋಗುವಾಗ ಉಮಾಪತಿಯವರ ಬಾಗಿಲಿಗೆ ಬಂದು ನಾಯಿಗೆ ಕೈ ಮುಗಿದಳು.

ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಊರೆಲ್ಲ ಬಂದಿತ್ತು. ಬೇರೆ ಊರಿನ ತನಿಖೆಗೆ ಹೊರಟು ದಾರಿಯಲ್ಲಿದ್ದ ಸಾಹೇಬರೂ, ಹೊಸ ರುಮಾಲಿನ ದೇವೇಂದ್ರಪ್ಪನವರೂ ಬಂದರು. ಶೇಖರಮ್ಮ ಕೂಸನ್ನು ಮೊದಲ ಸಲ ಎದೆಯಿಂದ ಇಳಿಸಿ ತೊಟ್ಟಿಲಿನಲ್ಲಿ ಮಲಗಿಸಿದಳು. ಬೆಣ್ಣೆಯಂಥ ಕೌದಿ, ಸುತ್ತಲೂ ಜರಿಯ ಅಂಚು. ಸಾಹೇಬರು ಬಗ್ಗಿ ಬಹಳ ಹೊತ್ತು ನೋಡಿದರು.

"ಯಾರ ಬಟ್ಟಿ ಅವ್ವಾ?"

"ಹಿರೇರದ್ರಿ," ಎಂದರು ಶಿವಬಸಮ್ಮ. "ಗಟ್ಟಿ ಆಯುಷ್ಯದವರು. ಇನ್ನೂ ಅದಾರ್ರಿ."

ಸಾಹೇಬರು ಕೂಸಿನ ತಲೆ ಮುಟ್ಟಿ, ನೂರು ವರ್ಷ ಬಾಳಲಿ ಎಂದರು. ಅದರಲ್ಲಿ ಅವರ ಆಯುಷ್ಯವೂ ಸೇರಿದ್ದರಿಂದ ಮನಃಪೂರ್ವಕವಾಗಿಯೇ ಹೇಳಿದರು. ಅಷ್ಟರಲ್ಲಿ ಮೋತ್ಯಾ ಕೆಳಗಿನಿಂದ ಎದ್ದು, ತೊಟ್ಟಿಲಿನಿಂದ ಇಳಿಬಿದ್ದಿದ್ದ ಜರಿಯ ಅಂಚಿನ ಒಂದು ತುದಿಯನ್ನು ಬಾಯಿಗೆ ಹಾಕಿಕೊಂಡು ಸಾವಕಾಶವಾಗಿ ಜಗಿಯತೊಡಗಿತು. ವರದಿ ಸುಳ್ಳಾಗಲಿಲ್ಲವೆಂದು ಸಾಹೇಬರ ಮುಖ ಅರಳಿತು. ದೇವೇಂದ್ರಪ್ಪ ತಲೆದೂಗಿದರು. ಕಳಕಮ್ಮ ತೊಟ್ಟಿಲು ತೂಗಿದರು. ನಾಯಿಯನ್ನು ಮಾತ್ರ ಯಾರೂ ಗದರಿಸಲಿಲ್ಲ, ಅದು ಸರಕಾರಿ ಕೆಲಸದ ಮೇಲಿತ್ತು.